ಮೂಗುತಿ ಶಾರ್ಪ್, ಕಣ್ಣು ಮಸುಕು: ಹೀಲಿಯೋಸ್ 44-2, ಅಡಿಕೆ ತೋಟ, ಮೊದಲ ಸಲ ಕ್ಯಾಮೆರಾ ಎದುರು ಕೂತ ತಂಗಿ

ತೋಟದಮನೆ (ಸಾಗರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಎರಡು ತಿಂಗಳ ಹಿಂದೆ ಒಂದು ಹೀಲಿಯೋಸ್ 44-2 ಲೆನ್ಸ್ ತಗೊಂಡೆ, ಕೈಯಲ್ಲೇ ರಿಂಗ್ ತಿರುಗಿಸಿ ಫೋಕಸ್ ಮಾಡುವಂಥದ್ದು. 58 ಎಂಎಂ, ಎಫ್ 2 (ಬೆಳಕು ಬಿಡುವ ಕಿಂಡಿ, ಅಂದರೆ ಅಪರ್ಚರ್, ಪೂರ್ತಿ ತೆರೆದಾಗಿನ ಅಂಕಿ), ಸೋವಿಯತ್ ಕಾಲದ್ದು. ಸೋನಿ ಎ6000 ಕ್ಯಾಮೆರಾಕ್ಕೆ ಎಂ42 ಅಡಾಪ್ಟರ್ (ಹಳೇ ತಿರುಪಿನ ಲೆನ್ಸ್ ಕೂರಿಸುವ ಉಂಗುರ) ಹಾಕಿ ಬಳಸುತ್ತಿದ್ದೇನೆ. ಹೂವು, ಎಲೆ, ಕೊಟ್ಟಿಗೆ, ಬೆಕ್ಕು ಎಲ್ಲ ತೆಗೆದಾಯ್ತು. ಈಗ ಮನುಷ್ಯರ ಮುಖ ತೆಗೆಯಬೇಕು ಅಂತ ಆಸೆ. ಚಿಕ್ಕಪ್ಪನ ಮಗಳು ರಜೆಗೆ ಮನೆಗೆ ಬಂದಿದ್ದಳು. ಬಿ.ಎಡ್. ಓದುತ್ತಿದ್ದಾಳೆ. ಕೇಳಿದ ಕೂಡಲೇ ಒಪ್ಪಿದಳು. ಅಡಿಕೆ ತೋಟಕ್ಕೆ ಕರೆದುಕೊಂಡು ಹೋದೆ. ಮಧ್ಯಾಹ್ನ ಹನ್ನೆರಡು ಗಂಟೆ.

ಎರಡು ತೊಂದರೆ ಆಯಿತು.

ಮೊದಲನೆಯದು ಫೋಕಸ್. ಫೋಕಸ್ ಆದ ಕಡೆ ಬಣ್ಣ ತೋರಿಸುವ ಪೀಕಿಂಗ್ ಆನ್ ಮಾಡಿದ್ದೆ. ಪರದೆಯಲ್ಲಿ ಮುಖದ ಮೇಲೆ ಕೆಂಪು ಮಿಂಚಿದ ತಕ್ಷಣ ಕ್ಲಿಕ್ ಮಾಡುತ್ತಿದ್ದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಅವಳ ಮೂಗುತಿಯ ಹರಳು ಎಣಿಸಬಹುದು, ಅಷ್ಟು ಶಾರ್ಪ್. ಕಣ್ಣು ಮಾತ್ರ ಮಂಜು. ಒಂದೆರಡು ಚಿತ್ರ ಅಲ್ಲ, ಎಪ್ಪತ್ತರಲ್ಲಿ ಐವತ್ತು ಹೀಗೇ.

ಎರಡನೆಯದು ಅವಳು. ಮನೆಯಲ್ಲಿ ಬಾಯಿ ತುಂಬ ಮಾತಾಡುವ ಹುಡುಗಿ. ಕ್ಯಾಮೆರಾ ಎತ್ತಿದ ಕೂಡಲೇ ಕಂಬದ ಹಾಗೆ ನಿಂತಳು. ಕೈ ಎಲ್ಲಿಡಬೇಕು ಗೊತ್ತಾಗದೆ ದುಪಟ್ಟಾದ ತುದಿ ಸುತ್ತುತ್ತಿದ್ದಳು. ನಾನು ರಿಂಗ್ ತಿರುಗಿಸುತ್ತಾ "ಒಂದು ನಿಮಿಷ, ಒಂದು ನಿಮಿಷ" ಅನ್ನುತ್ತಿದ್ದೆ. ಅಷ್ಟರಲ್ಲಿ ಅವಳ ನಗು ಒಣಗಿ ಹೋಗುತ್ತಿತ್ತು. ಕೊನೆಗೆ, "ಅಣ್ಣ, ನಂಗೆ ಇದು ಬರಲ್ಲ ಬಿಡು, ಬೇರೆ ಯಾರನ್ನಾದ್ರೂ ಕರಿ" ಅಂದಳು. ನನಗೆ ತುಂಬ ಬೇಜಾರಾಯಿತು. ತಪ್ಪು ಅವಳದ್ದಲ್ಲ ಅಂತ ಗೊತ್ತು. ಆದರೆ ಏನು ಮಾಡಬೇಕು ಅಂತ ತಿಳಿಯುತ್ತಿಲ್ಲ.

ಆಟೋಫೋಕಸ್ ಲೆನ್ಸ್ ತಗೋ ಅಂತ ದಯವಿಟ್ಟು ಹೇಳಬೇಡಿ. ಈ ಲೆನ್ಸ್ ಕೊಡುವ ಬಣ್ಣ ನನಗೆ ನಿಜವಾಗಿ ಇಷ್ಟ.

ನಿಕಾನ್‌ಹುಡುಗ (ದಾವಣಗೆರೆ)

ಮೂಗುತಿಯ ವಿಷಯ ನನಗೂ ಆಗಿದೆ. ನನಗೆ ಜುಮುಕಿಯಲ್ಲಿ ಆಗಿತ್ತು. ಪೀಕಿಂಗ್ ಕಣ್ಣನ್ನು ಹುಡುಕುವುದಿಲ್ಲ. ಎಲ್ಲಿ ಬೆಳಕು ಕತ್ತಲು ಚೂಪಾಗಿ ಸೇರುತ್ತವೋ ಅಲ್ಲಿ ಬಣ್ಣ ಹಚ್ಚುತ್ತದೆ. ಹರಳು, ಜರಿ, ಕುಂಕುಮದ ಅಂಚು ಎಲ್ಲ ಅದಕ್ಕೆ ಇಷ್ಟ. ಪೀಕಿಂಗ್ ಮಟ್ಟವನ್ನು ಕಡಿಮೆಗೆ ಇಡಿ. ಆಮೇಲೆ ವ್ಯೂ ದೊಡ್ಡದು ಮಾಡುವ ಬಟನ್ ಒತ್ತಿ, ರೆಪ್ಪೆಯ ಬುಡ ನೋಡಿ ಫೋಕಸ್ ಮಾಡಿ.

ಎಷ್ಟು ದೂರದಿಂದ ತೆಗೆದಿರಿ?

ತೋಟದಮನೆ

ಒಂದು ಮೀಟರ್ ಇರಬಹುದು. ಎಲ್ಲ ಎಫ್ 2ರಲ್ಲೇ. ಹಿಂದೆ ಎಲೆಗಳು ಸುತ್ತಿದ ಹಾಗೆ ಕಾಣಬೇಕು ಅಂತ ಪೂರ್ತಿ ತೆರೆದಿದ್ದೆ.

ರಿಪೇರಿಪೆಟ್ಟಿಗೆ (ಹುಬ್ಬಳ್ಳಿ)

ಅಲ್ಲೇ ಇದೆ ನೋಡಿ. ಲೆಕ್ಕ ಹಾಕೋಣ. ನಿಮ್ಮ ಕ್ಯಾಮೆರಾದ ಸೆನ್ಸರ್‌ಗೆ, 58 ಎಂಎಂ ಲೆನ್ಸ್‌ಗೆ, ಒಂದು ಮೀಟರ್ ದೂರದಲ್ಲಿ ಎಫ್ 2 ಇಟ್ಟರೆ ಚೂಪಾಗಿ ಬರುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್. ಅದೂ ಮುಂದೆ ಅರ್ಧ, ಹಿಂದೆ ಅರ್ಧ. ಮೂಗುತಿಯಿಂದ ಕಣ್ಣಿಗೆ ಎರಡು ಮೂರು ಸೆಂಟಿಮೀಟರ್ ಇರುತ್ತದೆ. ಅಂದರೆ ಫೋಕಸ್ ಮೂಗುತಿಯ ಮೇಲೆ ಕೂತರೆ ಕಣ್ಣು ಆಚೆ ಬಿತ್ತು. ಕೈ ತಪ್ಪಿದ್ದಲ್ಲ ಇದು, ಜಾಗವೇ ಸಾಲದು.

ಅರ್ಧ ಮೀಟರ್ ಹಿಂದೆ ಸರಿಯಿರಿ. ಒಂದೂವರೆ ಮೀಟರ್‌ಗೆ ಎಫ್ 2ರಲ್ಲಿ ಐದು ಸೆಂಟಿಮೀಟರ್ ಸಿಗುತ್ತದೆ. ಕಿಂಡಿ ಕಿರಿದು ಮಾಡಿ ಎಫ್ 4ಕ್ಕೆ ಬಂದರೆ ಹತ್ತು. ಮುಖಕ್ಕೆ ಅಷ್ಟು ಸಾಕು.

44-2ರಲ್ಲಿ ಅಪರ್ಚರ್‌ಗೆ ಎರಡು ರಿಂಗ್ ಇದೆ ಅಲ್ವಾ? ಒಂದರಲ್ಲಿ ಎಷ್ಟು ಬೇಕು ಅಂತ ನಿಗದಿ ಮಾಡೋದು, ಇನ್ನೊಂದರಲ್ಲಿ ತೆರೆದು ಮುಚ್ಚೋದು. ಎಫ್ 4ಕ್ಕೆ ನಿಗದಿ ಮಾಡಿ. ಪೂರ್ತಿ ತೆರೆದು ಕಣ್ಣಿಗೆ ಫೋಕಸ್ ಮಾಡಿ. ಆಮೇಲೆ ಎರಡನೇ ರಿಂಗನ್ನು ಅದು ನಿಲ್ಲುವವರೆಗೆ ತಿರುಗಿಸಿ. ಲೆನ್ಸ್ ನೋಡಬೇಕಾಗಿಲ್ಲ, ಬೆರಳಿಗೇ ಗೊತ್ತಾಗುತ್ತದೆ. ವಾರ ಬಳಸಿದರೆ ಕೈಗೆ ಬರುತ್ತದೆ.

ಇನ್ನೊಂದು ಮಾತು. ರಿಂಗ್ ಬಿಗಿಯಾಗಿದೆಯಾ? ಹಳೇ ಗ್ರೀಸ್ ಗಟ್ಟಿಯಾಗಿದ್ದರೆ ಸಣ್ಣ ತಿರುವು ಕೊಡಲು ಆಗುವುದಿಲ್ಲ. ತಳ್ಳಿದರೆ ಒಮ್ಮೆಲೇ ಜಿಗಿಯುತ್ತದೆ.

ತೋಟದಮನೆ

ಬೆಳಿಗ್ಗೆ ಚಳಿಯಲ್ಲಿ ಬಿಗಿ, ಬಿಸಿಲೇರಿದ ಮೇಲೆ ಸಡಿಲ. ಮಾರಿದವರು "ಬೆಣ್ಣೆ ಹಾಗೆ ತಿರುಗುತ್ತೆ" ಅಂದಿದ್ದರು. ಅಪರ್ಚರ್‌ನ ತೆಳು ಲೋಹದ ಎಲೆಗಳ ಮೇಲೆ ಎಣ್ಣೆ ಕೂಡ ಕಾಣುತ್ತಿದೆ. ಚಿಂತೆ ಮಾಡಬೇಕಾ?

ರಿಪೇರಿಪೆಟ್ಟಿಗೆ

ಎಣ್ಣೆಗೆ ಅಷ್ಟು ಹೆದರಬೇಡಿ. ಕ್ಲಿಕ್ ಮಾಡುವಾಗ ತಾನೇ ಮುಚ್ಚಿಕೊಳ್ಳುವ ಲೆನ್ಸ್‌ಗಳಲ್ಲಿ ಎಣ್ಣೆ ಇದ್ದರೆ ಎಲೆ ನಿಧಾನ ಆಗಿ ಚಿತ್ರ ಹಾಳಾಗುತ್ತದೆ. ನಿಮ್ಮದರಲ್ಲಿ ಮುಚ್ಚುವುದು ನಿಮ್ಮ ಕೈ. ಎಂಟು ಎಲೆಯೂ ಸರಿಯಾಗಿ ತೆರೆದು ಮುಚ್ಚಿದರೆ ಸಾಕು. ಗ್ರೀಸ್ ಮಾತ್ರ ಒಮ್ಮೆ ಬದಲಾಯಿಸಿಕೊಳ್ಳಿ. ಲೆನ್ಸ್ ಬಿಚ್ಚಿ ಕೂಡಿಸಲು ಬರುವವರ ಹತ್ತಿರ ಮಾತ್ರ ಕೊಡಿ. ಅಡುಗೆ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ ಬಿಡಬೇಡಿ. ಹಾಗೆ ಮಾಡಿ ತಂದ ಎರಡು ಲೆನ್ಸ್ ನನ್ನ ಮೇಜಿನ ಮೇಲಿವೆ.

ಹಳೇಗಾಜು (ಮೈಸೂರು)

ತೋಟದಮನೆ ಅವರೇ, ನಿಮ್ಮ ಎರಡು ತೊಂದರೆಗಳು ನನಗೆ ಒಂದೇ ಆಗಿ ಕಾಣುತ್ತಿವೆ. ನೀವು ಅವಳ ಮುಖದ ಮೇಲೆ ಫೋಕಸ್ ಹುಡುಕುತ್ತಿದ್ದೀರಿ. ಆ ಹುಡುಕಾಟ ಅವಳಿಗೆ ಕಾಣುತ್ತಿದೆ. ಹೊಸಬರು ಕಾಯುವಾಗಲೇ ಹೆದರುವುದು.

ಎಂಬತ್ತರ ದಶಕದಲ್ಲಿ ನಾನು ಮದುವೆ ಫೋಟೋ ತೆಗೆಯುತ್ತಿದ್ದೆ. ರೋಲಿಗೆ 36 ಚಿತ್ರ. ಎಲ್ಲ ಕೈಯಲ್ಲೇ ಫೋಕಸ್. ನಮ್ಮ ಗುರುಗಳು ಹೇಳಿಕೊಟ್ಟ ಕ್ರಮ ಇದು: ಮೊದಲು ರಿಂಗನ್ನು ಒಂದು ದೂರಕ್ಕೆ ಇಟ್ಟುಬಿಡು. ಆಮೇಲೆ ಮುಟ್ಟಬೇಡ. ನಿನ್ನ ಮೈಯನ್ನು ಮುಂದೆ ಹಿಂದೆ ತೂಗು. ಕಣ್ಣು ಚೂಪಾದ ಕ್ಷಣದಲ್ಲಿ ಬಟನ್ ಒತ್ತು. ಕಾಲು ಒಂದು ಮುಂದೆ, ಒಂದು ಹಿಂದೆ. ಮೊಣಕೈ ಪಕ್ಕೆಗೆ ಒತ್ತಿರಬೇಕು. ಒಂದು ಇಂಚು ಮುಂದೆ, ಒಂದು ಇಂಚು ಹಿಂದೆ, ಅಷ್ಟೇ ತೂಗಾಟ. ಎದುರು ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಕೈ ರಿಂಗ್ ಮೇಲೆ ಇಲ್ಲ, ಬಾಯಿ ಖಾಲಿ ಇದೆ. ಆರಾಮಾಗಿ ಮಾತಾಡಬಹುದು.

ದೂರ ಇಡುವುದಕ್ಕೆ ದಾರ ಬಳಸಿ. ಸಿನಿಮಾದವರು ಈಗಲೂ ಕ್ಯಾಮೆರಾದಿಂದ ನಟರ ಕಣ್ಣಿಗೆ ಟೇಪ್ ಹಿಡಿದು ಅಳೆಯುತ್ತಾರೆ. ನೀವು ಒಂದೂವರೆ ಮೀಟರ್ ದಾರವನ್ನು ಕ್ಯಾಮೆರಾ ಬೆಲ್ಟಿಗೆ ಕಟ್ಟಿ. ತುದಿಯನ್ನು ಅವಳ ಕಣ್ಣಿನ ಪಕ್ಕಕ್ಕೆ ಅವಳೇ ಹಿಡಿಯಲಿ. ಅಲ್ಲಿಗೆ ಒಮ್ಮೆ ಫೋಕಸ್ ಕೂರಿಸಿ, ದಾರ ಬಿಡಿ.

ಆ ಲೆಕ್ಕಕ್ಕೆ ಲೆನ್ಸ್ ಮೇಲಿನ ದೂರದ ಅಂಕಿ ನಂಬಬೇಡಿ. ಅಡಾಪ್ಟರ್ ಒಂದು ಕೂದಲು ತೆಳುವಾಗಿದ್ದರೂ ಅಂಕಿ ಆಚೀಚೆ ಆಗುತ್ತದೆ. ದೊಡ್ಡದು ಮಾಡಿ ನೋಡಿ ಫೋಕಸ್ ಸಿಕ್ಕ ಜಾಗದಲ್ಲಿ ರಿಂಗ್ ಮೇಲೆ ಸಣ್ಣ ಟೇಪ್ ಅಂಟಿಸಿ.

ನನ್ನ ಹತ್ತಿರ ಇನ್ನೂ ನಿಕಾನ್ ಕಂಪನಿಯ ನಿಕ್ಕರ್ 105 ಎಂಎಂ ಎಫ್ 2.5 ಲೆನ್ಸ್ ಇದೆ. ಮುಖಕ್ಕೆ ಅದಕ್ಕಿಂತ ಒಳ್ಳೆಯ ಹಳೇ ಲೆನ್ಸ್ ನಾನು ಮುಟ್ಟಿಲ್ಲ. ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಚಿತ್ರ ಎಲ್ಲರೂ ನೋಡಿದ್ದೀರಿ. ಸ್ಟೀವ್ ಮೆಕರಿ 1984ರಲ್ಲಿ ಪೇಶಾವರದ ಹತ್ತಿರ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ತೆಗೆದದ್ದು. ಇದೇ 105 ಎಂಎಂ, ಕೊಡಕ್ರೋಮ್ ಫಿಲ್ಮ್. ಆ ಹುಡುಗಿಯೂ ಹೊಸಬಳೇ.

ಸಂಪಿಗೆ (ಬೆಂಗಳೂರು)

ಹಳೇಗಾಜು ಸರ್, ದಾರದ ಮಾತು ಚೆನ್ನಾಗಿದೆ. ಆದರೆ ಆ ಅಫ್ಘನ್ ಹುಡುಗಿಯ ಮಾತು ಬಂದದ್ದಕ್ಕೆ ಹೇಳಲೇಬೇಕು. ಆ ಚಿತ್ರ 1985ರ ಜೂನ್ ಸಂಚಿಕೆಯ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂತು. ಜಗತ್ತೆಲ್ಲ ನೋಡಿತು. ಅವಳ ಹೆಸರು ಶರ್ಬತ್ ಗುಲಾ ಅಂತ ಗೊತ್ತಾದದ್ದು 2002ರಲ್ಲಿ. ಹದಿನೇಳು ವರ್ಷ ಅವಳ ಮುಖ ಎಲ್ಲರ ಹತ್ತಿರ ಇತ್ತು, ಹೆಸರು ಇರಲಿಲ್ಲ. ಗುರುತು ಇಲ್ಲದ ಗಂಡಸು ಫೋಟೋ ತೆಗೆದದ್ದಕ್ಕೆ ಆವತ್ತು ಸಿಟ್ಟು ಬಂದಿತ್ತು ಅನ್ನೋದು ಅವಳ ನೆನಪು. ಆ ಕಣ್ಣಿನಲ್ಲಿ ನಾವು ಇಷ್ಟಪಡುವುದು ಏನನ್ನು ಅಂತ ನಾನು ಆಗಾಗ ಯೋಚಿಸುತ್ತೇನೆ.

ನಾನು ಎದುರು ಕೂತವಳ ಕಡೆಯಿಂದ ಹೇಳುತ್ತೇನೆ. ಗೆಳತಿಯೊಬ್ಬಳು ಫೋಟೋಗ್ರಫಿ ಕಲಿಯುವಾಗ ಒಂದು ವರ್ಷ ಅವಳಿಗೆ ಮಾಡೆಲ್ ಆಗಿ ಕೂತಿದ್ದೇನೆ. ಮೊದಲ ದಿನ ನನಗೆ ಅಳು ಬರುವ ಹಾಗಾಗಿತ್ತು. ಕಾರಣಗಳು ಇವು.

"ಒಂದು ನಿಮಿಷ" ಅಂದಾಗ, ನನ್ನಲ್ಲಿ ಏನೋ ಸರಿ ಇಲ್ಲ ಅಂತಲೇ ಅನ್ನಿಸುತ್ತದೆ. ನೀವು ಹುಬ್ಬು ಗಂಟಿಕ್ಕಿ ಪರದೆ ನೋಡುತ್ತೀರಿ. ಅದು ಲೆನ್ಸ್‌ನ ಚಿಂತೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಬಾಯಿಬಿಟ್ಟು ಹೇಳಿ. "ನೀನು ಸರಿ ಇದ್ದೀಯ, ನನ್ನ ಲೆನ್ಸ್ ನಿಧಾನ" ಅಂತ ಒಂದೇ ಮಾತು. ನನ್ನ ಗೆಳತಿ ಇದನ್ನು ಹೇಳಲು ಶುರು ಮಾಡಿದ ದಿನದಿಂದ ನನ್ನ ಭುಜ ಇಳಿಯಿತು.

"ನಗು" ಅನ್ನಬೇಡಿ. ಹೇಳಿಸಿಕೊಂಡ ನಗು ಎರಡು ಸೆಕೆಂಡ್ ಬಾಳುತ್ತದೆ. ನಿಮ್ಮ ಹೀಲಿಯೋಸ್‌ಗೆ ಅಷ್ಟು ಸಾಲುವುದಿಲ್ಲ.

ಕೈಗೆ ಕೆಲಸ ಕೊಡಿ. ಹೂ ಹಿಡಿದು ನಿಲ್ಲು ಅನ್ನೋದು ಕೆಲಸ ಅಲ್ಲ, ನಿಜವಾದ ಕೆಲಸ ಕೊಡಿ. ಅವಳಿಗೆ ಏನು ಮಾಡಲು ಬರುತ್ತದೆ, ಅದನ್ನು ಮಾಡುತ್ತಾ ಇರಲಿ. ಕೈ ಕೆಲಸದಲ್ಲಿ ಇದ್ದಾಗ ಮುಖ ತನ್ನಷ್ಟಕ್ಕೆ ಇರುತ್ತದೆ. ತಲೆ ಕೂಡ ಹೆಚ್ಚು ಅಲುಗುವುದಿಲ್ಲ, ಅದು ನಿಮಗೂ ಒಳ್ಳೆಯದೇ.

ಮನೆಯ ಇನ್ನೊಂದು ಹೆಂಗಸು ಹತ್ತಿರ ಕೂತಿರಲಿ. ಚಿತ್ರಗಳನ್ನು ಅವತ್ತೇ ತೋರಿಸಿ. ಬೇಡ ಅಂದದ್ದನ್ನು ಅವಳ ಎದುರೇ ಅಳಿಸಿ. ಎಲ್ಲಿಗಾದರೂ ಹಾಕುವ ಮೊದಲು ಕೇಳಿ, ತಂಗಿಯಾದರೂ ಕೇಳಿ.

ಆಮೇಲೆ, ಹನ್ನೆರಡು ಗಂಟೆಗೆ ತೋಟಕ್ಕೆ ಯಾಕೆ ಕರೆದುಕೊಂಡು ಹೋದಿರಿ? ಊಟದ ಹೊತ್ತು ಅದು.

ತೋಟದಮನೆ

ಸಂಪಿಗೆ ಮೇಡಂ, ಎರಡು ಸಲ ಓದಿದೆ. ತಂಗಿಗೂ ಓದಿ ಹೇಳಿದೆ. "ಒಂದು ನಿಮಿಷ" ಅನ್ನೋ ಜಾಗಕ್ಕೆ ಬಂದಾಗ "ಹೌದು, ಹಾಗೇ ಆಯ್ತು" ಅಂದಳು. ಅವಳಿಗೆ ಅಷ್ಟು ಅನ್ನಿಸಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಸಲ ಕೂರುತ್ತೇನೆ ಅಂದಿದ್ದಾಳೆ.

ಅವಳಿಗೆ ಅಬ್ಬಲಿಗೆ ದಂಡೆ ಕಟ್ಟಲು ತುಂಬ ಚೆನ್ನಾಗಿ ಬರುತ್ತದೆ. ಅಜ್ಜಿಯ ಹತ್ತಿರ ಕಲಿತದ್ದು. ಅದನ್ನೇ ಮಾಡಿಸಬಹುದಾ?

ಬೆಳಕಿನ ಬಗ್ಗೆಯೂ ಹೇಳಿ. ತೋಟದೊಳಗೆ ಮುಖದ ತುಂಬ ಬಿಸಿಲು ಚುಕ್ಕೆ ಬಿದ್ದಿದೆ. ಚುಕ್ಕೆ ಇಲ್ಲದ ಕಡೆ ಚರ್ಮ ಹಸಿರು ಹಸಿರು.

ಹಳೇಗಾಜು

ದಂಡೆ ಕಟ್ಟಿಸಿ, ಅದಕ್ಕಿಂತ ಒಳ್ಳೆಯದು ಬೇಡ. ಬಾಳೆ ನಾರು ಹೇಗೂ ಕೈಯಲ್ಲಿರುತ್ತದೆ. ನಾನು ಹೇಳಿದ ಅಳತೆ ದಾರವೂ ಅದೇ ಆಗಲಿ.

ಸಂಪಿಗೆಯವರು ಶರ್ಬತ್ ಗುಲಾ ಬಗ್ಗೆ ಹೇಳಿದ್ದು ಸರಿ. ನಾನು ಲೆನ್ಸ್ ಮಾತ್ರ ನೋಡಿದ್ದೆ.

ನಮ್ಮವರೇ ಆದ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ. ಮೈಸೂರಿನವರು, 1923ರಲ್ಲಿ ಹುಟ್ಟಿದವರು, 2009ರಲ್ಲಿ ತೀರಿಕೊಂಡರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಕ್ಕೆ ಇದ್ದವು. ಆ ಚಿತ್ರಗಳಲ್ಲಿ ಜನ ಏನೋ ಮಾಡುತ್ತಿರುತ್ತಾರೆ. ಬರೆಯುತ್ತಾರೆ, ಆಡುತ್ತಾರೆ, ಮಾತಾಡುತ್ತಾರೆ. ಕ್ಯಾಮೆರಾಕ್ಕಾಗಿ ನಿಂತವರು ಕಡಿಮೆ.

ನಿಕಾನ್‌ಹುಡುಗ

ಹಸಿರು ಬಣ್ಣ ಎಲೆಯ ಮೂಲಕ ಸೋಸಿ ಬಂದ ಬೆಳಕಿಂದ ಬರುತ್ತದೆ. ಮೇಲೆ ಸೋಗೆ, ಕೆಳಗೆ ಹುಲ್ಲು, ಎರಡೂ ಕಡೆ ಹಸಿರು. ವೈಟ್ ಬ್ಯಾಲೆನ್ಸನ್ನು (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಮೆಜೆಂಟಾ ಕಡೆ ಸರಿಸಿದರೆ ಚರ್ಮ ಸರಿಹೋಗುತ್ತದೆ. ಆದರೆ ಹಿಂದಿನ ಎಲೆಯ ಬಣ್ಣ ಸಾಯುತ್ತದೆ. ತೋಟದ ಒಳಗೆ ಬೇಡ. ತೋಟದ ಅಂಚಿಗೆ ಬನ್ನಿ, ಮುಖ ಬಯಲ ಕಡೆ ಇರಲಿ. ಆಕಾಶದ ಬೆಳಕು ಮುಖಕ್ಕೆ ಸಿಗುತ್ತದೆ, ತೋಟ ಬೆನ್ನ ಹಿಂದೆ ಇರುತ್ತದೆ.

ಸಂಪಿಗೆ

ಸಾಗರದ ಕಡೆ ಮನೆ ಅಂದಮೇಲೆ ಜಗಲಿ ಇರಬೇಕಲ್ಲ? ಸ್ಟುಡಿಯೋನೇ ಅದು. ನನ್ನ ಅತ್ತೆಯ ಮನೆಯೂ ಅಲ್ಲೇ ಹತ್ತಿರ, ಅದಕ್ಕೆ ಹೇಳುತ್ತಿದ್ದೇನೆ.

ಹೆಚ್ಚಿನವರು ಅಂಗಳದಲ್ಲಿ ನಿಂತು ಜಗಲಿ ಕಡೆ ನೋಡಿ ತೆಗೆಯುತ್ತಾರೆ. ಮುಖಕ್ಕೆ ಬೆಳಕು ಸಿಗುತ್ತದೆ, ಆದರೆ ಹಿಂದೆ ಬರೀ ಗೋಡೆ, ಕ್ಯಾಲೆಂಡರ್, ಮೀಟರ್ ಬೋರ್ಡ್. ಹಾಗೆ ಮಾಡಬೇಡಿ. ಜಗಲಿಯ ಉದ್ದಕ್ಕೆ ಕಣ್ಣು ಹಾಯಿಸಿ. ಒಂದು ಕಡೆಯಿಂದ ಅಂಗಳದ ಬೆಳಕು ಬರುತ್ತದೆ. ಇನ್ನೊಂದು ಕಡೆ ಗೋಡೆ. ಜಗಲಿ ಮುಗಿದ ಆಚೆ ತೋಟ ಕಾಣಬೇಕು. ಅವಳನ್ನು ಆ ತುದಿಯಿಂದ ಒಂದು ಮಾರು ಒಳಗೆ ಕೂರಿಸಿ. ಹಂಚಿನ ಮಾಡು ಮೇಲಿನ ಬಿಸಿಲನ್ನು ತಡೆಯುತ್ತದೆ, ಚುಕ್ಕೆ ಬೀಳುವುದಿಲ್ಲ. ಗೋಡೆಗೆ ಸುಣ್ಣ ಇದ್ದರೆ ಆ ಕಡೆಯ ಕೆನ್ನೆಗೂ ಒಂದಿಷ್ಟು ಬೆಳಕು ವಾಪಸ್ ಸಿಗುತ್ತದೆ. ಇಲ್ಲದಿದ್ದರೆ ಅಜ್ಜನ ಬಿಳಿ ಪಂಚೆ ತೂಗುಹಾಕಿ.

ರಿಪೇರಿಪೆಟ್ಟಿಗೆ

ಪಂಚೆ ಒಳ್ಳೆಯದೇ. ಆದರೆ ಆ ಪಂಚೆ ನೋಡಿ ವೈಟ್ ಬ್ಯಾಲೆನ್ಸ್ ಇಡಬೇಡಿ. ನೀಲಿ ಹಾಕಿ ಒಗೆದಿರುತ್ತಾರೆ, ನಮಗೆ ಬಿಳಿ ಕಂಡರೂ ಕ್ಯಾಮೆರಾಕ್ಕೆ ಬಿಳಿ ಅಲ್ಲ. ಮುಖ ಹಳದಿಗೆ ತಿರುಗುತ್ತದೆ. ಅಂಗಡಿಯಲ್ಲಿ ಬಣ್ಣದ ಅಳತೆಗೆ ಬಳಸುವ ಬೂದು ಬಣ್ಣದ ಗ್ರೇ ಕಾರ್ಡ್ ಸಿಗುತ್ತದೆ, ಅದನ್ನು ಮುಖದ ಪಕ್ಕ ಹಿಡಿದು ಒಂದು ಚಿತ್ರ ತೆಗೆದುಕೊಳ್ಳಿ.

ಎಲ್ಬೆದಂಡೆ (ಡ್ರೆಸ್ಡೆನ್)

ಕನ್ನಡದಲ್ಲಿ ಈ ಮಾತುಕತೆ ನೋಡಿ ಖುಷಿಯಾಯಿತು. ನಾನು ಇರುವ ಊರು ಹಳೇ ಲೆನ್ಸ್‌ಗಳ ಸೀಮೆ. ಎಲ್ಬೆ ನದಿಯ ದಂಡೆಯಲ್ಲಿ ಹಳೇ ಸಾಮಾನಿನ ಸಂತೆ ಸೇರುತ್ತದೆ, ಅಲ್ಲಿ ಪೂರ್ವ ಜರ್ಮನಿ ಕಾಲದ ಲೆನ್ಸ್‌ಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು ಕೂತಿರುತ್ತಾರೆ.

ನಿಮ್ಮ ಹೀಲಿಯೋಸ್‌ನ ಬೇರು ಜರ್ಮನಿಯದೇ ಯೇನಾ ಊರಿನಲ್ಲಿದೆ. ಕಾರ್ಲ್ ಝೈಸ್ ಕಂಪನಿಯ ಬಯೋಟಾರ್ 58 ಎಂಎಂ ಎಫ್ 2 ಅಂತ ಒಂದು ಲೆನ್ಸ್ ಇತ್ತು, 1930ರ ದಶಕದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟದವರು ಅದೇ ನಕ್ಷೆ ಹಿಡಿದು ಹೀಲಿಯೋಸ್ ಮಾಡಿದರು. ಝೆನಿತ್ ಕ್ಯಾಮೆರಾ ಜೊತೆ ಲಕ್ಷಗಟ್ಟಲೆ ಹೊರಬಂದವು. ಅದಕ್ಕೇ ಇವತ್ತಿಗೂ ಕಡಿಮೆ ಬೆಲೆಗೆ ಸಿಗುತ್ತವೆ.

ಎಲೆಗಳು ಸುತ್ತುವ ವಿಷಯಕ್ಕೆ ಬರುತ್ತೇನೆ. ಚಿತ್ರದ ಅಂಚಿನಲ್ಲಿ ಬೆಳಕಿನ ಬಿಲ್ಲೆಗಳು ದುಂಡಗೆ ಉಳಿಯದೆ ಬಾದಾಮಿ ಆಕಾರ ತಾಳುತ್ತವೆ. ಓರೆಯಾಗಿ ಬರುವ ಬೆಳಕನ್ನು ಲೆನ್ಸ್‌ನ ಕೊಳವೆಯೇ ಸ್ವಲ್ಪ ಕತ್ತರಿಸುವುದರಿಂದ ಹೀಗೆ. ಆ ಬಾದಾಮಿಗಳು ನಡುವಿನ ಸುತ್ತ ಸಾಲುಗಟ್ಟುತ್ತವೆ, ನಮಗೆ ಸುಳಿ ಕಾಣುತ್ತದೆ. ನಿಮ್ಮ ಸಣ್ಣ ಸೆನ್ಸರ್ ಅಂಚನ್ನೇ ಬಿಟ್ಟುಬಿಡುತ್ತದೆ. ಹಾಗಾಗಿ ಎಫ್ 2ರಲ್ಲೂ ನಿಮಗೆ ಸುಳಿ ಅರ್ಧಕ್ಕಿಂತ ಕಡಿಮೆಯೇ ಸಿಗುವುದು. ಅದಕ್ಕಾಗಿ ಕಣ್ಣಿನ ಫೋಕಸ್ ಕಳೆದುಕೊಳ್ಳಬೇಡಿ.

ಸುಳಿ ಬೇಕೇ ಬೇಕು ಅಂದರೆ ಹಿಂದಿನ ಎಲೆಗಳ ನಡುವೆ ಆಕಾಶದ ಚೂರು ಕಾಣಬೇಕು. ಅಡಿಕೆ ಸೋಗೆಗೆ ಅದು ತಾನಾಗಿ ಬರುತ್ತದೆ. ಹಿಂದಿನ ಮರಗಳು ಐದಾರು ಮೀಟರ್ ದೂರ ಇರಲಿ. ಮುಖ ನಡುವಿನಲ್ಲೇ ಇರಲಿ.

ಬಿಸಿಲಿಗೆ ಎದುರಾಗಿ ತೆಗೆಯುವಾಗ ಲೆನ್ಸ್ ಮುಂದೆ ಕೈ ಅಡ್ಡ ಹಿಡಿಯಿರಿ. ಹಳೇ ಲೇಪನ ತೆಳು, ಬೇಗ ಚಿತ್ರ ಬಿಳಿಚಿಕೊಳ್ಳುತ್ತದೆ.

ನಿಕಾನ್‌ಹುಡುಗ

ನಡುವೆ ನನ್ನದೊಂದು ಪ್ರಶ್ನೆ. ಹೀಲಿಯೋಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಬಹುದಾ? ದೂರದ್ದು ಫೋಕಸ್ ಆಗಲ್ಲ ಅಂತಾರೆ.

ರಿಪೇರಿಪೆಟ್ಟಿಗೆ

ಹೌದು. ಎಂ42 ಲೆನ್ಸ್ ಸೆನ್ಸರ್‌ನಿಂದ 45.46 ಎಂಎಂ ದೂರ ಕೂರಬೇಕು. ನಿಕಾನ್ ಬಾಡಿಯಲ್ಲಿ ಲೆನ್ಸ್ ಕೂರುವ ಜಾಗವೇ 46.5 ಎಂಎಂ ದೂರ. ಒಂದು ಎಂಎಂ ಹೆಚ್ಚಾಯಿತು. ಮಧ್ಯೆ ಗಾಜು ಇರುವ ಅಡಾಪ್ಟರ್ ಬರುತ್ತದೆ, ಅದು ಚಿತ್ರ ಕೆಡಿಸುತ್ತದೆ. ಗಾಜಿಲ್ಲದ್ದು ಹಾಕಿದರೆ 58 ಎಂಎಂನಲ್ಲಿ ಸುಮಾರು ಮೂರು ಮೀಟರ್ ತನಕ ಮಾತ್ರ ಫೋಕಸ್. ಬರೀ ಮುಖ, ಎದೆಯ ಮಟ್ಟದ ಚಿತ್ರಕ್ಕೆ ಸಾಕು. ಬೆಟ್ಟ ಗುಡ್ಡ ತೆಗೆಯಲು ಆಗದು.

ಹಳೇಗಾಜು

ನಿಕಾನ್‌ಹುಡುಗರೇ, ನಿಮಗೆ ಹೀಲಿಯೋಸ್ ಯಾಕೆ? ನಿಮ್ಮ ಬಾಡಿಗೆ ಹಳೇ ನಿಕ್ಕರ್‌ಗಳು ನೇರ ಕೂರುತ್ತವೆ. 1977ರ ಮೇಲಿನ ಎಐ (ಆಟೋಮ್ಯಾಟಿಕ್ ಇಂಡೆಕ್ಸಿಂಗ್) ಲೆನ್ಸ್ ನೋಡಿ ತಗೊಳ್ಳಿ. ಅದಕ್ಕಿಂತ ಹಳೆಯದನ್ನು ಮಾರ್ಪಾಡು ಮಾಡಿಸದೆ ಹಾಕಿದರೆ ಕೆಲವು ಬಾಡಿಗಳ ಅಂಚಿನ ಕೊಂಡಿ ಮುರಿಯುತ್ತದೆ.

ಸಂಪಿಗೆ

ನನ್ನ ಹತ್ತಿರ ತಾತನ ಸೂಪರ್ ಟಕುಮಾರ್ 50 ಎಂಎಂ ಎಫ್ 1.4 ಇದೆ. ಗಾಜು ಚಹಾ ಬಣ್ಣಕ್ಕೆ ತಿರುಗಿದೆ. ಮುಖ ತೆಗೆದರೆ ಎಲ್ಲರೂ ಕಾಮಾಲೆ ಬಂದವರ ಹಾಗೆ ಕಾಣುತ್ತಾರೆ. ಏನಾದರೂ ಮಾಡಬಹುದಾ?

ರಿಪೇರಿಪೆಟ್ಟಿಗೆ

ಖಂಡಿತ ಮಾಡಬಹುದು. ಆ ಲೆನ್ಸ್‌ನ ಒಂದು ಗಾಜಿನಲ್ಲಿ ಥೋರಿಯಂ ಇದೆ. ವಿಕಿರಣದಿಂದ ವರ್ಷಗಳು ಕಳೆದಂತೆ ಗಾಜು ಹಳದಿಯಾಗುತ್ತದೆ. ನೇರಳಾತೀತ ಬೆಳಕು ಬಿದ್ದರೆ ಮತ್ತೆ ತಿಳಿಯಾಗುತ್ತದೆ. ಒಂದು ಕಡೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿ, ಇನ್ನೊಂದು ಕಡೆ ಬಿಸಿಲಿಗೆ ಇಡಿ. ಫಾಯಿಲ್ ಮರೆಯಬೇಡಿ, ಬರಿ ಲೆನ್ಸನ್ನು ಬಿಸಿಲಿಗೆ ಇಟ್ಟರೆ ಭೂತಕನ್ನಡಿಯ ಹಾಗೆ ಹಿಂದಿನ ಬಟ್ಟೆ ಸುಡುತ್ತದೆ. ಕೆಲವು ವಾರ ಹಿಡಿಯಬಹುದು. ಕ್ಯಾಮೆರಾಕ್ಕೆ ಹಾಕಿ ಬಳಸುವುದಕ್ಕೆ ಭಯ ಬೇಡ. ಗಾಜನ್ನು ಉಜ್ಜುವುದು, ಒಡೆಯುವುದು ಮಾಡಬಾರದು.

ತೋಟದಮನೆ

ನಿನ್ನೆ ಬೆಳಿಗ್ಗೆ ಮತ್ತೆ ತೆಗೆದೆವು. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಎಂಟೂವರೆಗೆ ಮಂಜು ಕರಗಿತು. ತಿಂಡಿ ಮುಗಿಸಿಯೇ ಕೂತದ್ದು. ಜಗಲಿಯ ತುದಿ, ಹಿಂದೆ ತೋಟ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿದೆ. ಬಾಳೆಲೆಯ ಮೇಲೆ ಒಂದು ರಾಶಿ ಅಬ್ಬಲಿಗೆ, ನೆನೆಸಿದ ನಾರು. ಗ್ರೇ ಕಾರ್ಡ್ ಸಿಕ್ಕಿರಲಿಲ್ಲ, ಕ್ಲೌಡಿ ಸೆಟ್ಟಿಂಗ್‌ನಲ್ಲಿ, ಆಮೇಲೆ ಬಣ್ಣ ತಿದ್ದಬಹುದಾದ ರಾ ಫೈಲ್ ತೆಗೆದೆ.

ಮೊದಲು ಅವಳಿಗೆ ಎಲ್ಲ ಹೇಳಿದೆ. "ಈ ಲೆನ್ಸ್ ನಿಧಾನ. ನಾನು ಮುಖ ಸಪ್ಪೆ ಮಾಡಿದರೆ ಅದು ಲೆನ್ಸ್‌ಗೆ, ನಿಂಗಲ್ಲ." ನಾರಿನ ಒಂದು ತುದಿ ಕ್ಯಾಮೆರಾ ಬೆಲ್ಟಿಗೆ ಕಟ್ಟಿದೆ. ಇನ್ನೊಂದು ತುದಿಯನ್ನು ಅವಳು ಕಣ್ಣಿನ ಪಕ್ಕ ಹಿಡಿದಳು. ನಾರು ಒದ್ದೆ, ಕೆನ್ನೆಗೆ ತಣ್ಣಗೆ ತಾಗಿತಂತೆ. ಕಿಸಕ್ಕನೆ ನಕ್ಕಳು. ಅವತ್ತಿನ ಮೊದಲ ಚಿತ್ರ ಅದೇ ಆಗಬೇಕಿತ್ತು, ಆದರೆ ನಾನಿನ್ನೂ ರಿಂಗ್ ತಿರುಗಿಸುತ್ತಿದ್ದೆ. ಹೋಗಲಿ. ದೊಡ್ಡದು ಮಾಡಿ ರೆಪ್ಪೆಗೆ ಫೋಕಸ್ ಕೂರಿಸಿ, ಟೇಪ್ ಅಂಟಿಸಿ, ರಿಂಗ್ ಬಿಟ್ಟುಬಿಟ್ಟೆ.

ಆಮೇಲೆ ಅವಳು ದಂಡೆ ಕಟ್ಟಲು ಶುರು ಮಾಡಿದಳು. ನಾನು ಹಳೇಗಾಜು ಸರ್ ಹೇಳಿದ ಹಾಗೆ ತೂಗುತ್ತಾ ಇದ್ದೆ. ಮೊದಲ ಹತ್ತು ನಿಮಿಷ ಒಂದೂ ಸರಿ ಬರಲಿಲ್ಲ. ನಾನು ಉಸಿರು ಬಿಡುವಾಗ ಮುಂದೆ ವಾಲುತ್ತಿದ್ದೆ. ಅದು ತಿಳಿದ ಮೇಲೆ ಉಸಿರು ಬಿಟ್ಟು ನಿಲ್ಲಿಸಿ ಕ್ಲಿಕ್ ಮಾಡಿದೆ.

ಹತ್ತಿರದಿಂದ ನೋಡಿದ್ದರಿಂದ ಒಂದು ವಿಷಯ ಕಂಡಿತು. ಅವಳು ಎರಡೆರಡು ಹೂವು ಎದುರು ಬದುರು ಇಟ್ಟು, ನಾರನ್ನು ಒಂದು ಸುತ್ತು ಸುತ್ತಿ, ಕುಣಿಕೆಯೊಳಗಿಂದ ಎಳೆಯುತ್ತಾಳೆ. ಎಳೆಯುವಾಗ ಗಲ್ಲ ಸ್ವಲ್ಪ ಮೇಲೆ ಬರುತ್ತದೆ. ಎಳೆದು ಮುಗಿದ ಮೇಲೆ ಅರ್ಧ ಸೆಕೆಂಡ್ ಎಲ್ಲವೂ ನಿಲ್ಲುತ್ತದೆ. ಆಮೇಲೆ ಕಣ್ಣು ರಾಶಿಯ ಕಡೆ ಹೋಗುತ್ತದೆ. ಪ್ರತಿ ಗಂಟಿಗೂ ಹೀಗೇ. ನಾನು ಆ ಅರ್ಧ ಸೆಕೆಂಡಿಗೆ ಕಾಯಲು ಶುರು ಮಾಡಿದೆ. ರಿಂಗ್ ಮುಟ್ಟುವ ಕೆಲಸ ಇಲ್ಲದ ಮೇಲೆ ಅದು ಕಷ್ಟ ಆಗಲಿಲ್ಲ.

ಐಎಸ್ಒ 800, ಎಫ್ 4. ಒಟ್ಟು ನೂರ ನಲವತ್ತು ಚಿತ್ರ. ಅರವತ್ತರಲ್ಲಿ ಕಣ್ಣು ಚೂಪು. ನನಗೆ ನಿಜವಾಗಿ ಹಿಡಿಸಿದ್ದು ಒಂಬತ್ತು. ಅದರಲ್ಲಿ ಒಂದರಲ್ಲಿ ಕಣ್ಣಿನ ಒಂದೊಂದು ರೆಪ್ಪೆ ಬೇರೆ ಬೇರೆ ಕಾಣುತ್ತದೆ. ಮೂಗುತಿ ಮೆತ್ತಗೆ ಹೊಳೆಯುತ್ತದೆ, ಅಷ್ಟೇ.

ಸಂಜೆ ಎಲ್ಲವನ್ನೂ ಅವಳಿಗೆ ತೋರಿಸಿದೆ. ನಾಲ್ಕು ಬೇಡ ಅಂದಳು. ಅದರಲ್ಲಿ ಒಂದು ನನಗೆ ತುಂಬ ಇಷ್ಟವಾಗಿತ್ತು. ಅಳಿಸಿದೆ.

ಅವಳು ತನಗೆ ಬೇಕು ಅಂತ ಆರಿಸಿಕೊಂಡದ್ದು ಬೇರೆಯದೇ. ಗಂಟು ತಪ್ಪಿದೆ ಅಂತ ಅಜ್ಜಿ ಅಡ್ಡ ಕೈ ಚಾಚಿ ನಾರು ಹಿಡಿದಿದ್ದಾರೆ. ತಂಗಿ ಅಜ್ಜಿಯ ಕೈ ನೋಡುತ್ತಿದ್ದಾಳೆ. ನಾನು ಅದನ್ನು ಹಾಳಾದ ಚಿತ್ರ ಅಂದುಕೊಂಡು ದಾಟಿ ಹೋಗಿದ್ದೆ. ಪ್ರಿಂಟ್ ಹಾಕಿಸಿ ಕೊಡು ಅಂದಿದ್ದಾಳೆ. ಇಲ್ಲಿ ಹಾಕಬೇಡ ಅಂದಿದ್ದಾಳೆ, ಅದಕ್ಕೆ ಹಾಕುತ್ತಿಲ್ಲ.

ಸಂಪಿಗೆ

ಅವಳು ಬೇಡ ಅಂದದ್ದನ್ನು ನೀವು ಇಲ್ಲಿ ಬರೆದದ್ದಕ್ಕೇ ನನಗೆ ಸಂತೋಷ. ಪ್ರಿಂಟ್ ಮ್ಯಾಟ್ ಕಾಗದದಲ್ಲಿ ಹಾಕಿಸಿ. ಜಗಲಿಯ ಗೋಡೆಗೆ ತೂಗುಹಾಕಿದರೆ ಅಂಗಳದ ಬೆಳಕಿಗೆ ಗ್ಲಾಸಿ ಕಾಗದ ಹೊಳೆಯುತ್ತದೆ, ಮುಖ ಕಾಣುವುದಿಲ್ಲ.

ರಿಪೇರಿಪೆಟ್ಟಿಗೆ

ಒಳ್ಳೆಯ ಕೆಲಸ. ಮಳೆಗಾಲಕ್ಕೆ ಮುಂಚೆ ಒಂದು ಮಾತು. ನಿಮ್ಮ ಕಡೆಯ ಥಂಡಿಗೆ ಗಾಜಿನೊಳಗೆ ಬೂಷ್ಟು ಬರುತ್ತದೆ, ಜೇಡರ ಬಲೆಯ ಹಾಗೆ. ಬಂದಮೇಲೆ ಲೇಪನವನ್ನೇ ತಿನ್ನುತ್ತದೆ. ಬಟ್ಟೆ ಬೀರುವಿನಲ್ಲಿ, ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ತೇವ ಶೇಕಡಾ ನಲವತ್ತರಿಂದ ಐವತ್ತರ ನಡುವೆ ಇರಲಿ. ಅಕ್ಕಿಯಲ್ಲಿ ಹುಗಿದಿಡುವವರಿದ್ದಾರೆ. ಅಕ್ಕಿಯ ಹುಡಿ ರಿಂಗಿನೊಳಗೆ ಹೋಗುತ್ತದೆ, ಬೇಡ. ವಾರಕ್ಕೊಮ್ಮೆ ತೆಗೆದು ಬಳಸಿ. ಸುಮ್ನೆ ಇಟ್ಟ ಲೆನ್ಸಿಗೇ ಬೂಷ್ಟು ಬೇಗ.

ಎಲ್ಬೆದಂಡೆ

ಮುಂದಿನ ಸಲ ಎಲ್ಲಿ?

ತೋಟದಮನೆ

ಇಕ್ಕೇರಿ. ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿ ಮಂಟಪದ ನೆರಳು ನೋಡಿಟ್ಟುಕೊಂಡಿದ್ದೇನೆ. ಸಂಜೆ ಹೊತ್ತು ಹೋಗಿ ಬೆಳಕು ನೋಡಿ ಬಂದೆ. ಟ್ರೈಪಾಡ್ ಇಲ್ಲದೆ ಕೈಯಲ್ಲೇ ತೆಗೆಯುತ್ತೇನೆ. ಅವಳು ತನ್ನ ಗೆಳತಿಯನ್ನೂ ಕರೆತರುತ್ತಾಳಂತೆ. ಗೆಳತಿಗೆ ಹೂ ಕಟ್ಟಲು ಬರುವುದಿಲ್ಲ, ಚಿತ್ರ ಬರೆಯುತ್ತಾಳೆ. ಹಾಳೆ, ಪೆನ್ಸಿಲ್ ತರಲು ಹೇಳಿದ್ದೇನೆ.

ಹಳೇಗಾಜು

ಅಜ್ಜಿಯ ಕೈ ಇರುವ ಆ ಚಿತ್ರಕ್ಕೆ ಶಟರ್ ಎಷ್ಟಿತ್ತು?

ತೋಟದಮನೆ

1/125 ಸರ್. ತಂಗಿಯ ಮುಖ ನಿಂತಿದೆ. ಅಜ್ಜಿಯ ಬೆರಳು ತುಸು ಅಲುಗಿದೆ, ನಾರು ಎಳೆಯುತ್ತಿದ್ದರು. ಹಾಗೇ ಪ್ರಿಂಟ್‌ಗೆ ಕೊಟ್ಟಿದ್ದೇನೆ.